ಗ್ಯಾಲ್ವೆಸ್ಟನ್ ಗುರುಪಾದಪ್ಪ

ನಮ್ಮ ಮಾವ ಗುರುಪಾದಪ್ಪನವರನ್ನು ನಾವಿರುವ ಅಮೆರಿಕದ ಬಾಥೆಲ್ ಊರಿನ ಕನ್ನಡಿಗರೆಲ್ಲ ಬೆನ್ನ ಹಿಂದೆ ಕರೆಯುವುದು ಗ್ಯಾಲ್ವೆಸ್ಟನ್ ಗುರುಪಾದಪ್ಪ ಎಂದು. ಎದುರಿಗೇ ಕರೆದರೂ ಅವರಿಗೆ ಬೇಸರವಿಲ್ಲ. ಹುಟ್ಟಿದ್ದು ಗದಗ, ದುಡಿದದ್ದೆಲ್ಲ ಟೆಕ್ಸಾಸ್ ಕರಾವಳಿಯ ಆ ದ್ವೀಪದ ಊರಿನಲ್ಲಿ, ಹಡಗು ರಿಪೇರಿ ಮಾಡುವ ಕಂಪನಿಯೊಂದರ ಎಂಜಿನಿಯರ್ ಆಗಿ. ನಿವೃತ್ತರಾದ ಮೇಲೆ ಅತ್ತೆ ಸೋಮವ್ವನವರ ಜೊತೆ ಬಾಥೆಲ್‌ನ ನಾರ್ತ್ ಕ್ರೀಕ್ ಬಡಾವಣೆಯ ನಮ್ಮ ಮನೆಗೆ ಬಂದರು. ಸಾಮಾನು ಅರ್ಧ ಅಲ್ಲೇ ಉಳಿಯಿತು, ಊರಿನ ಚರಿತ್ರೆ ಮಾತ್ರ ಪೂರ್ತಿ ಬಂತು.

ಯಾರ ಮನೆಗೆ ಊಟಕ್ಕೆ ಹೋದರೂ ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಪುರಾಣ ಶುರುವಾಗುತ್ತಿತ್ತು. ಸಮುದ್ರದಲ್ಲಿ ಒಂದು ಮರಳಿನ ಪಟ್ಟಿ, ಅದರ ಮೇಲೆ ಊರು. ಅಲ್ಲಿಂದ ಹತ್ತಿ ತುಂಬಿದ ಹಡಗುಗಳು ಯುರೋಪಿಗೆ ಹೊರಡುತ್ತಿದ್ದವು. ಗದಗಿನವರಿಗೆ ಹತ್ತಿ ಎಂದರೆ ಕಿವಿ ನೆಟ್ಟಗಾಗದೆ ಇದ್ದೀತೇ? 1900ರ ಸೆಪ್ಟೆಂಬರಿನಲ್ಲಿ ಚಂಡಮಾರುತ ಬಂದು ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ಉಳಿದವರು ಊರು ಬಿಡಲಿಲ್ಲ. ಸಮುದ್ರಕ್ಕೆ ಅಡ್ಡವಾಗಿ ಗೋಡೆ ಕಟ್ಟಿದರು, ಕೊಲ್ಲಿಯ ತಳದ ಮರಳನ್ನು ನೀರಿನೊಂದಿಗೆ ಕೊಳವೆಯಲ್ಲಿ ಹರಿಸಿ ಊರಿನ ನೆಲವನ್ನೇ ಎತ್ತರಿಸಿದರು. ಅದಾದ ಮೇಲೆ ಹ್ಯೂಸ್ಟನ್‌ನವರು ಹಡಗಿನ ಕಾಲುವೆ ತೋಡಿ ವ್ಯಾಪಾರವನ್ನೆಲ್ಲ ತಮ್ಮ ಕಡೆಗೆ ಎಳೆದುಕೊಂಡರು. ಇಲ್ಲಿಗೆ ಬಂದಾಗ ಮಾವನ ದನಿ ಏರುತ್ತಿತ್ತು, ಹ್ಯೂಸ್ಟನ್‌ನವರು ತಮ್ಮ ದಾಯಾದಿಗಳೋ ಎಂಬಂತೆ.

ಅತ್ತೆ ಈ ಕಥೆಗೆ ಎಂದೂ ಬಾಯಿ ಹಾಕಿದವರಲ್ಲ, ಕಿವಿಗೊಟ್ಟವರೂ ಅಲ್ಲ. ಆ ಊರಿನಲ್ಲಿ ಬೇಲಿಬೇಲಿಗೂ ಕಣಗಿಲೆ ಇತ್ತು, ಪೂಜೆಗೆ ಹೂವಿನ ಚಿಂತೆ ಇರಲಿಲ್ಲ. ಅವರಿಗೆ ಗ್ಯಾಲ್ವೆಸ್ಟನ್ ಎಂದರೆ ಅಷ್ಟೇ. ಮೈಸೂರಿನಿಂದ ಬಂದ ಸೊಸೆ ನನಗಂತೂ ಈ ಪುರಾಣ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಈ ಮಾರ್ಚ್‌ನಲ್ಲಿ ಮಾವನಿಗೆ ಸ್ಟ್ರೋಕ್ ಆಯಿತು. ಕೈಕಾಲು ಉಳಿದವು, ಮಾತು ಹೋಯಿತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಹೇಳಲು ಬಾಯಿ ತೆರೆದರೆ ಏನೂ ಬರುತ್ತಿರಲಿಲ್ಲ. ಥೆರಪಿಸ್ಟ್ ಸೇಬಿನ ಚಿತ್ರ ಹಿಡಿದು ಇದೇನು ಎಂದು ಕೇಳಿದರೆ, ಇಷ್ಟು ಓದಿದವಳಿಗೆ ಸೇಬು ಗೊತ್ತಿಲ್ಲವೇ ಎಂಬಂತೆ ನೋಡುತ್ತಿದ್ದರು. ಮಾತು ಮರಳಬಹುದು, ಮರಳದೆಯೂ ಇರಬಹುದು ಎಂದರು ಡಾಕ್ಟರು.

ನನ್ನ ಗಂಡ ಮಹೇಶ ಒಂದು ಕಟ್ಟಳೆ ಮಾಡಿದ. ಅಪ್ಪನ ಎದುರು ಯಾರೂ ಗ್ಯಾಲ್ವೆಸ್ಟನ್ ಹೆಸರು ಎತ್ತಬಾರದು, ಹೇಳಲಾಗದೆ ಅವರು ಸಂಕಟಪಡುತ್ತಾರೆ. ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿಗೆಲ್ಲ ಮೆಸೇಜ್ ಹೋಯಿತು. ನಮ್ಮವರು ಪದ್ಧತಿ ಬಿಡಲಿಲ್ಲ, ಹಣ್ಣು ಹಿಡಿದು ಬಂದರು, ಹವೆ, ಟ್ರಾಫಿಕ್ ಎಂದು ತಮ್ಮತಮ್ಮಲ್ಲೇ ಮಾತಾಡಿ ಚಹಾ ಕುಡಿದು ಹೋದರು. ಮಾತು ಬೆಳ್ಳಿ, ಮೌನ ಬಂಗಾರ ಎಂದವರು ನಮ್ಮ ಮನೆಯಲ್ಲಿ ಒಂದು ವಾರ ಇರಬೇಕಿತ್ತು. ಬೇಸರ ತರಿಸಿದ್ದ ಆ ಪುರಾಣಕ್ಕಾಗಿ ನಾನು ಹಾತೊರೆದೆ. ಅತ್ತೆ ಅಡುಗೆಮನೆಯಲ್ಲಿ ಈರುಳ್ಳಿ ಇಲ್ಲದೆಯೇ ಕಣ್ಣೊರೆಸಿಕೊಳ್ಳುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ ದ್ವಾರಕಾನಾಥರು ಬಂದರು. ಪಕ್ಕದ ಕ್ಯಾನ್ಯನ್ ಪಾರ್ಕ್ ಬಡಾವಣೆಯವರು, ಮೂಲ ಬೆಂಗಳೂರಿನವರು, ಮಾವನ ವಾಕಿಂಗ್ ಜೊತೆಗಾರ. ಮೆಸೇಜ್ ನೋಡುವ ಅಭ್ಯಾಸವಿಲ್ಲದ ಪುಣ್ಯಾತ್ಮ, ಮಾವನ ಮಾತು ಹೋದದ್ದಾಗಲಿ ಮಹೇಶನ ಕಟ್ಟಳೆಯಾಗಲಿ ಅವರಿಗೆ ಗೊತ್ತಿರಲಿಲ್ಲ. ಮಹೇಶ ತರಕಾರಿ ತರಲು ಹೋಗಿದ್ದ.

"ಅಲ್ಲಾ ಗುರುಪಾದಪ್ಪನೋರೇ," ಎಂದು ಕೂತ ಕೂಡಲೇ ಕೇಳಿಯೇಬಿಟ್ಟರು. "ಗ್ಯಾಲ್ವೆಸ್ಟನ್‌ನಲ್ಲಿ ನೆಲ ಎತ್ತರ ಮಾಡಿದ್ರು ಅಂದ್ರಿ. ಮೇಲಿದ್ದ ಮನೆಗಳನ್ನ ಏನ್ ಮಾಡಿದ್ರು? ಆವತ್ತು ನೀವು ಹೇಳೋಷ್ಟರಲ್ಲಿ ಮಳೆ ಬಂದ್ಬಿಡ್ತು."

ಮಾವ ಬಾಯಿ ತೆರೆದರು. ತುಟಿ ಅದುರಿತು, ಕುತ್ತಿಗೆಯ ನರ ಉಬ್ಬಿತು, ದನಿ ಹೊರಡಲಿಲ್ಲ. ಗಂಡ ಹೊರಗಿನವರ ಎದುರು ಹಾಗೆ ಒದ್ದಾಡುವುದನ್ನು ಅತ್ತೆಗೆ ನೋಡಲಾಗಲಿಲ್ಲ. ಜನ್ಮದಲ್ಲಿ ಮೊದಲ ಸಲ ಆ ಕಥೆಗೆ ಬಾಯಿ ಹಾಕಿದರು.

"ಕ್ರೇನ್ ಹಚ್ಚಿ ಎತ್ತಿದ್ರಂತ್ರೀ. ಮನಿ ಎಲ್ಲಾ ಮ್ಯಾಲ ತೂಗಹಾಕಿ, ಕೆಳಗ ಉಸುಕು ತುಂಬಿ, ಮತ್ತ ಇಳಿಸಿದ್ರಂತ."

"ಓಹೋ, ಕ್ರೇನಾ," ಎಂದರು ದ್ವಾರಕಾನಾಥರು.

ಮಾವ ಕುರ್ಚಿಯ ಕೈಗೆ ಫಟ್ಟನೆ ಹೊಡೆದರು.

"ಜ್ಯಾಕ್."

ನಾವು ಮೂವರೂ ತಿರುಗಿದೆವು.

"ಕ್ರೇನ್ ಅಲ್ಲ," ಎಂದರು ಮಾವ. "ಜ್ಯಾಕ್."

ನಾನಾಗಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ. ಅತ್ತೆ ಜಾಣೆ. ಮುಖ ಗಟ್ಟಿ ಮಾಡಿಕೊಂಡು, "ಕ್ರೇನ್ ಅಂತ ನೀವ ಅಂದಿದ್ರಲ್ರೀ," ಎಂದರು.

"ಎಲ್ಲಿ… ಅಂದೀನಿ?" ಮಾವನಿಗೆ ಸಿಟ್ಟು ಬಂದಿತ್ತು. ಎರಡೂ ಕೈಯಿಂದ ಗಾಳಿಯಲ್ಲಿ ತಿರುಪು ತಿರುಗಿಸಿ ತೋರಿಸಿದರು. "ಮನಿ ಕೆಳಗ… ಜ್ಯಾಕ್. ಚರ್ಚಿಗೂ. ಎಲ್ಲಾರೂ ಕೂಡಿ…" ಮುಂದಿನ ಶಬ್ದ ಸಿಗಲಿಲ್ಲ. ಕಣ್ಣು ಮುಚ್ಚಿ ಹುಡುಕಿದರು. "ಹಾಡು. ಹಾಡ್ಕೋತ… ತಿರುವಿದ್ರು. ಒಮ್ಮೆಲೆ. ಇಲ್ಲಂದ್ರ… ಗ್ವಾಡಿ ಬಿರೀತದ."

ಈಗ ನಾನು ಅತ್ತೇಬಿಟ್ಟೆ. ಮನಸ್ಸು ಹಗುರಾಗಿ, ಮೂಗು ಸೋರಿಸಿಕೊಂಡು, ನಾಚಿಕೆ ಬಿಟ್ಟು ಅಳತೊಡಗಿದೆ. ದ್ವಾರಕಾನಾಥರಿಗೆ ಏನು ನಡೆಯಿತೆಂದು ಆಗ ಹೊಳೆದು, ಕನ್ನಡಕ ತೆಗೆದು ಒರೆಸತೊಡಗಿದರು.

ಬಾಗಿಲಲ್ಲಿ ಮಹೇಶ ನಿಂತಿದ್ದ. ತರಕಾರಿ ಚೀಲ ಕೈಯಲ್ಲೇ ಇತ್ತು. ಎಷ್ಟು ಕೇಳಿಸಿಕೊಂಡಿದ್ದನೋ, ಮುಖ ಕೆಂಪಾಗಿತ್ತು. ಮಗನನ್ನು ಕಂಡ ಮಾವ ತಪ್ಪು ಮಾಡಿದವರಂತೆ ಮಾತು ನಿಲ್ಲಿಸಿದರು. ಮಹೇಶ ಶೂ ಕೂಡ ಬಿಚ್ಚದೆ ಒಳಗೆ ಬಂದ, ಅತ್ತೆಯೂ ಬೈಯಲಿಲ್ಲ. ಅಪ್ಪನ ಮೊಣಕಾಲ ಹತ್ತಿರ ನಿಂತ.

"ಆಮ್ಯಾಲ ಏನಾತಪ್ಪಾ?" ಎಂದು ಕೇಳಿದ.

ಮಾವ ಪಕ್ಕದ ಕುರ್ಚಿ ತೋರಿಸಿದರು.

"ಕುಂದ್ರು," ಎಂದರು. "ಹೇಳತೀನಿ."