ಬ್ರೇಕ್ ಒತ್ತಿದ್ದು ಯಾವಾಗ, ಬಸ್ಸು ನಿಂತಿದ್ದು ಯಾವಾಗ?

ಈ ತಿಂಗಳ ಎರಡನೇ ಭಾನುವಾರ. ಬೆಳಗ್ಗೆ ಹತ್ತು ಗಂಟೆ ಹದಿನೈದು ನಿಮಿಷ. ಸ್ಥಳ: ಪಾಂಡವಪುರ, ಬೋರೇಗೌಡನ ಮನೆಯ ಹಜಾರ. ಹಾಜರಿದ್ದವರು ಐದು ಜನ. ಬೋರೇಗೌಡ, ಅವನ ಹೆಂಡತಿ ಜಯಮ್ಮ, ಸೊಸೆ ಪವಿತ್ರ, ಕೇಬಲ್ ಆಫೀಸಿನ ಲೈನ್‌ಮನ್ ಮಂಜ ಮತ್ತು ನಾನು. ಐವರೂ ಟೀವಿ ನೋಡುತ್ತಿದ್ದೆವು. ಟೀವಿಯಲ್ಲಿ ಒಂದು ಬಸ್ಸು ಹೊರಡಲು ಸಿದ್ಧವಾಗಿ ನಿಂತಿತ್ತು.

(ಹೊತ್ತು, ಸ್ಥಳ, ಹಾಜರಿ ಬರೆಯದೆ ನನಗೆ ಮುಂದಿನ ಸಾಲು ಹೊರಡುವುದಿಲ್ಲ. ಮೂವತ್ತು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆದವನು. ಓದುಗರು ಇಷ್ಟು ದಿನ ಸಹಿಸಿದ್ದೀರಿ, ಇದನ್ನೂ ಸಹಿಸಿ.)

ಬೋರೇಗೌಡ ನಾನು ಹೊತ್ತು ಬರೆಯುತ್ತಿದ್ದ ಬಸ್ಸುಗಳ ಡ್ರೈವರ್. ಕೆ.ಆರ್. ಪೇಟೆ–ನಾಗಮಂಗಲ ರೂಟಿನಲ್ಲಿ ಎಲ್ಲೆಲ್ಲಿ ಗುಂಡಿ ಇದೆ, ಯಾವ ತಿರುವಿನಲ್ಲಿ ಎಮ್ಮೆ ಅಡ್ಡ ಬರುತ್ತದೆ ಎಂದು ಬಲ್ಲವನು. ಒಂದೇ ಒಂದು ಆಕ್ಸಿಡೆಂಟ್ ಇಲ್ಲದೆ ರಿಟೈರ್ ಆದ. ಸರ್ವೀಸಿನಲ್ಲಿದ್ದಾಗ ನನ್ನನ್ನು ‘ಸಾರ್’ ಎನ್ನುತ್ತಿದ್ದ. ರಿಟೈರ್ ಆದ ಮಾರನೇ ದಿನವೇ ‘ಲಾ’ಗೆ ಇಳಿದ. ಅಂದಿನಿಂದ ನಾವು ಸ್ನೇಹಿತರು.

ಹೋದ ವರ್ಷ ಅವನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಸೋತವು. ಈಗ ಕೋಲು ಹಿಡಿದು ನಡೆಯುತ್ತಾನೆ. ಕೈಕಾಲು ಆಡಿಸುತ್ತಲೇ ಇರಬೇಕು ಎಂದು ಡಾಕ್ಟರು ಹೇಳಿದರು. ಸ್ಪಂಜಿನ ಚೆಂಡು ಕೊಟ್ಟರೆ ಇವನು ಮೂಲೆಗೆ ಎಸೆದ. “ಇದೇನು ಎಳೇ ಮಗಾ ಆಡೋದು? ನಾನು ಸ್ಟೇರಿಂಗ್ ಇಡ್ದೋನು!”

ಶ್ರೀರಂಗಪಟ್ಟಣದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಪವಿತ್ರ ಜಾಣೆ. ಸ್ಟೇರಿಂಗ್ ತಾನೇ ಬೇಕು? ಸೆಕೆಂಡ್‌ಹ್ಯಾಂಡ್‌ನಲ್ಲಿ ವಿಡಿಯೋ ಗೇಮಿನ ಸ್ಟೇರಿಂಗು, ಪೆಡಲು ತಂದಳು. ತನ್ನ ಹಳೇ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಅದನ್ನು ಟೀವಿಗೆ ಜೋಡಿಸಿದಳು. ಇಂಥ ಆಟಕ್ಕೆ ದುಬಾರಿ ಕಂಪ್ಯೂಟರ್ ಬೇಕಂತೆ. ಈಗ ಅದೂ ಬೇಡ. ಆಟ ನಡೆಯುವುದು ಎಲ್ಲೋ ದೂರದ ಕಂಪ್ಯೂಟರಿನಲ್ಲಿ. ಅದರ ಚಿತ್ರ ಬ್ರಾಡ್‌ಬ್ಯಾಂಡ್ ಲೈನಿನಲ್ಲಿ ನಮ್ಮ ಮನೆಗೆ ಬರುತ್ತದೆ. ನಾವು ಒತ್ತಿದ್ದು ಅದೇ ಲೈನಿನಲ್ಲಿ ವಾಪಸ್ಸು ಹೋಗುತ್ತದೆ. ತಿಂಗಳಿಗಿಷ್ಟು ಎಂದು ಕಟ್ಟಿದರಾಯಿತು.

ಮೊದಲ ದಿನ ಬೋರೇಗೌಡ ಶರ್ಟು ಇನ್‌ಶರ್ಟ್ ಮಾಡಿಕೊಂಡು ಕುಳಿತ. (ನಿಜ. ನಾನೇ ನೋಡಿದೆ.) ಯಾವುದೋ ದೇಶದ ರಸ್ತೆ, ಖಾಲಿ ಬಸ್ಸು. “ಕಂಡಕ್ಟ್ರು ಎಲ್ಲೋದ್ನಲಾ?” ಎಂದು ಕೇಳಿದ. ಎಷ್ಟೋ ತಿಂಗಳ ಮೇಲೆ ಜಯಮ್ಮ ಬಾಯಿ ತುಂಬ ನಕ್ಕರು.

ನಗು ನಿಲ್ಲಲು ಒಂದು ವಾರ ಸಾಕಾಯಿತು. ಬ್ರೇಕ್ ಒತ್ತಿದರೆ ಬಸ್ಸು ನಿಲ್ಲುತ್ತಿರಲಿಲ್ಲ. ಮುಂದಿನ ಕಾರಿಗೆ ಗುದ್ದಿ ಆಮೇಲೆ ನಿಲ್ಲುತ್ತಿತ್ತು. ಜನ್ಮದಲ್ಲಿ ಒಂದು ಸೈಕಲ್ಲಿಗೂ ತಾಗಿಸದವನು ದಿನಕ್ಕೆ ನಾಲ್ಕು ಆಕ್ಸಿಡೆಂಟ್ ಮಾಡತೊಡಗಿದ.

“ನಾನು ಟೇಮಿಗೆ ಸರಿಯಾಗೇ ಒತ್ತೀನಿ ಕಣ್ಲಾ. ಇವ್ರ ವೈರು ಲೇಟು. ನನ್ ಕಾಲು ನೆಟ್ಟಗೈತೆ.”

ಪವಿತ್ರ ಕುಳಿತು ಓಡಿಸಿದಳು. ಅವಳಿಗೂ ಬಸ್ಸು ತಡವಾಗಿಯೇ ನಿಂತಿತು. ಬೋರೇಗೌಡ ಗೆದ್ದವನಂತೆ ನನ್ನ ಕಡೆ ತಿರುಗಿದ. “ನೋಡ್ದಾ? ಲೈನ್ ಒಂದು ಸರಿಯಾಗ್ಲಿ. ಬಸ್ಸು ಒತ್ತಿದ ತಕ್ಷಣ ನಿಲ್ತು ಅಂದ್ರೆ, ಮಾರ್ನೇ ದಿನವೇ ನನ್ ವ್ಯಾನ್ ತೆಗೀತೀನಿ. ಜಯನ್ನ ಕೂರಿಸ್ಕಂಡು ತೊಣ್ಣೂರು ಕೆರೆಗೆ ಓಗ್ಬತ್ತೀನಿ.”

ಅಂಗಳದಲ್ಲಿ ಟಾರ್ಪಾಲು ಹೊದ್ದು ನಿಂತಿದ್ದ ವ್ಯಾನನ್ನು ಜಯಮ್ಮ ಕಿಟಕಿಯಿಂದ ನೋಡಿದರು.

ಲೇಟು ಎಂಬ ಮಾತು ಕೇಳಿದರೆ ನನಗೆ ತಡೆಯುವುದಿಲ್ಲ. ಲೈನ್ ಸರಿ ಮಾಡಿಸುವ ಕೆಲಸ ನಾನು ವಹಿಸಿಕೊಂಡೆ. ಯಾರೂ ಹೇಳಿರಲಿಲ್ಲ. ಕಸ್ಟಮರ್ ಕೇರ್‌ಗೆ ನನ್ನ ನಂಬರಿನಿಂದಲೇ ದೂರು ಕೊಟ್ಟೆ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಸಲ ಎಂದು ಪಟ್ಟಿ ಮಾಡಿ ಕೇಬಲ್ ಆಫೀಸಿನ ಮೇಜಿನ ಮೇಲಿಟ್ಟೆ. ಅಲ್ಲಿದ್ದಾಕೆ ನಕ್ಕಳು. “ಗೇಮ್ ಆಡೋಕಾ ಅಂಕಲ್? ನೂರು ಎಂಬಿ ಪ್ಲಾನ್ ಇದೆ, ಸ್ಪೀಡ್ ಫುಲ್ ಬರ್ತಿದೆ.”

ಸ್ಪೀಡು! ಎಲ್ಲರೂ ಹೇಳುವುದು ಅದನ್ನೇ. ನನಗೆ ತಿಳಿದಂತೆ ಹೇಳುತ್ತೇನೆ. ಬಸ್ಸಿನಲ್ಲಿ ಎಷ್ಟು ಸೀಟಿದೆ ಎನ್ನುವುದು ಬೇರೆ, ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎನ್ನುವುದು ಬೇರೆ. ಇವರು ಮಾರುವುದು ಸೀಟು. ಸಿನಿಮಾ ನೋಡುವವರಿಗೆ ಅಷ್ಟು ಸಾಕು, ಮುಂದಿನ ದೃಶ್ಯಗಳನ್ನು ಸ್ವಲ್ಪ ಮೊದಲೇ ತಂದಿಟ್ಟುಕೊಳ್ಳಬಹುದು. ಆದರೆ ಬೋರೇಗೌಡ ಬ್ರೇಕ್ ಯಾವಾಗ ಒತ್ತುತ್ತಾನೆ ಎಂಬುದನ್ನು ಯಾರು ಮೊದಲೇ ತಂದಿಡಬಲ್ಲರು? ಆಟಕ್ಕೆ ಬೇಕಾದದ್ದು ಹೋಗಿ ಬರುವ ಹೊತ್ತು. ಅದನ್ನು ಯಾವ ಬೋರ್ಡಿನ ಮೇಲೂ ಬರೆಯುವುದಿಲ್ಲ.

ಮೂರನೇ ಸಲ ಹೋದಾಗ ಮಂಜನನ್ನು ಕಳಿಸಿದರು. ಅವನು ಬಂದದ್ದೇ ಆ ಭಾನುವಾರ. ಬೆಳಗ್ಗೆ ಎಂಟಕ್ಕೆ ಬಂದವನು ಕಂಬ ಹತ್ತಿ ಕೂಗಿದ. “ಇದು ಕೇಬಲ್ ಅಲ್ಲ ಸಾರ್, ಬರೀ ಜಾಯಿಂಟು! ಕಬ್ಬಿನ ಟ್ರಾಕ್ಟರು ಲೋಡ್ ಏರಿಸ್ಕಂಡು ಬತ್ತವೆ, ವೈರ್ ಕಿತ್ಕಂಡು ಓಯ್ತವೆ. ನಾವು ಗಂಟಾಕ್ತೀವಿ. ಸೀಸನ್ ಮುಗ್ದು ಸಕ್ಕರೆ ಫ್ಯಾಕ್ಟ್ರಿ ನಿಲ್ಲೋಗಂಟ ಇದೇ ಗೋಳು.”

ಕಂಬದಿಂದ ಮನೆಯವರೆಗೆ ಜಾಯಿಂಟಿಲ್ಲದ ಹೊಸ ಕೇಬಲ್ ಎಳೆಸಿದೆ. ಇಂಟರ್ನೆಟ್ ಪೆಟ್ಟಿಗೆಯನ್ನು ರೂಮಿನಿಂದ ತೆಗೆಸಿ ಟೀವಿ ಪಕ್ಕ ಇಡಿಸಿದೆ. ವೈಫೈ ಬೇಡ ಎಂದು ಲ್ಯಾಪ್‌ಟಾಪಿಗೆ ನೇರ ವೈರು ಹಾಕಿಸಿದೆ. ಹತ್ತೂ ಕಾಲಿಗೆ ಎಲ್ಲ ಸಿದ್ಧ.

ಮೊದಲು ಪವಿತ್ರ ಓಡಿಸಿದಳು. ಸಿಗ್ನಲ್ ಕೆಂಪಾಯಿತು, ಒತ್ತಿದಳು, ಬಸ್ಸು ನಿಂತಿತು. ಮಂಜ ಓಡಿಸಿದ. ನಿಂತಿತು. ಸ್ವಂತ ಸ್ಕೂಟರನ್ನೂ ಓಡಿಸದ ನನ್ನನ್ನು ಕೂರಿಸಿದರು. ನನಗೂ ನಿಂತಿತು!

“ಏಳ್ಲಾ ಮ್ಯಾಲಕ್ಕೆ, ಡ್ರೈವರ್ ಬಂದ” ಎಂದು ಬೋರೇಗೌಡ ಕುಳಿತ.

ಎಲ್ಲರೂ ಟೀವಿ ನೋಡಿದರು. ನಾನು ಅವನ ಕಾಲು ನೋಡಿದೆ. ಸಿಗ್ನಲ್ ಕೆಂಪಾದದ್ದನ್ನು ಅವನು ನಮಗಿಂತ ಮೊದಲೇ ಕಂಡ. ಕಣ್ಣು ಕಿರಿದಾಯಿತು, ದವಡೆ ಬಿಗಿಯಿತು. ಕಾಲು ಮಾತ್ರ ಇದ್ದಲ್ಲೇ ಇತ್ತು. ಆಮೇಲೆ ಎದ್ದಿತು, ಪೆಡಲು ಹುಡುಕಿತು, ಒತ್ತಿತು. ಅಷ್ಟರಲ್ಲಿ ಬಸ್ಸು ಮುಂದಿನ ಕಾರಿಗೆ ಗುದ್ದಿಯಾಗಿತ್ತು.

ಇನ್ನೊಂದು ಸಲ. ಮತ್ತೊಂದು ಸಲ. ಅದೇ.

“ಮಂಜ, ಇನ್ನೂ ಸರಿಯಾಗ್ನಿಲ್ವಲ್ಲೋ ನಿನ್ ಲೈನು?”

ಮಂಜ ಜಯಮ್ಮನ ಮುಖ ನೋಡಿದ. “ಸ್ವಲ್ಪ... ಆಫೀಸಿಂದ ಏನಾರ ಇರ್ಬೋದು ಯಜಮಾನ್ರೇ. ನೋಡ್ತೀನಿ” ಎಂದ. ಒಳ್ಳೆಯ ಮನುಷ್ಯ.

ಬೋರೇಗೌಡ ನನ್ನತ್ತ ತಿರುಗಿದ. “ನೀನೇಳ್ಲಾ. ಜೀವಮಾನೆಲ್ಲ ಲೇಟು ಬರ‍್ದೋನು ನೀನು. ಎಲ್ಲೈತೆ ಲೇಟು?”

ನಾನೂ ಮಂಜನ ಹಾಗೆ ಹೇಳಬಹುದಿತ್ತು. ಆದರೆ ಅಂಗಳದಲ್ಲಿ ವ್ಯಾನಿತ್ತು. ಅದು ಗುದ್ದಿದರೆ ಸ್ಕ್ರೀನ್ ಆಫ್ ಮಾಡಲಾಗುವುದಿಲ್ಲ. ಪಕ್ಕದ ಸೀಟಿನಲ್ಲಿ ಜಯಮ್ಮ ಕೂತಿರುತ್ತಾರೆ.

“ಕಾಲಲ್ಲೈತೆ ಕಣ್ಲಾ” ಎಂದೆ.

ಅವನು ಎರಡೂ ಕೈ ಸ್ಟೇರಿಂಗ್ ಮೇಲಿಂದ ತೆಗೆದ. ಆಮೇಲೆ, “ಪವಿತ್ರಾ, ಆಫ್ ಮಾಡ್ಬುಡವ್ವ” ಎಂದ.

“ನಾಳೆ ಆಡೋಣ ಮಾವ. ಡಾಕ್ಟ್ರು ಟೈಮ್ ಹಿಡಿಯತ್ತೆ ಅಂದಿದ್ದಾರಲ್ಲ.”

“ಆಫ್ ಮಾಡವ್ವ.” ಕೋಲು ಎಳೆದುಕೊಂಡು ಎದ್ದ. ಹೆಂಡತಿಗೆ ಹೇಳಿದ, “ಜಯಾ, ಒಣಕೆರೆ ಊರೋನೊಬ್ಬ ವ್ಯಾನ್ ಕೊಳ್ತೀನಿ ಅಂದಿದ್ನಲ್ಲ, ಬಂದು ತಕಂಡೋಗು ಅನ್ನು.”

ನನ್ನನ್ನು ಬೀಳ್ಕೊಡಲು ಬಾಗಿಲಿಗೆ ಬಂದ ಜಯಮ್ಮ ಮೆಲ್ಲಗೆ ಹೇಳಿದರು. “ನೀವು ಏಳಿದ್ದು ಸರಿಯಾಗೇ ಅದೆ ಅಣ್ಣ. ಆದ್ರೆ ಲೈನ್ ಕೆಟ್ಟಿದ್ದಾಗ ಬೆಳಗಾದ್ರೆ ಇವ್ರು ತಾವೇ ಎದ್ದು, ಶೂ ಆಕ್ಕಂಡು ಸ್ಟೇರಿಂಗ್ ಮುಂದೆ ಕೂರೋರು.”

ನಮ್ಮ ಮನೆಗಳ ಬ್ರಾಡ್‌ಬ್ಯಾಂಡ್ ಇಂಥ ಆಟಕ್ಕೆ ತಯಾರಿದೆಯೇ ಎಂದು ಯಾರಾದರೂ ಕೇಳಿದರೆ, ಜಾಯಿಂಟಿಲ್ಲದ ಕೇಬಲ್ಲು, ನೇರ ವೈರು, ಬೆನ್ನು ಬಿಡದೆ ದೂರು ಕೊಡುವ ಒಬ್ಬ ಮುದುಕ, ಇಷ್ಟಿದ್ದರೆ ತಯಾರಿದೆ ಎನ್ನುತ್ತೇನೆ. ನಾವು ತಯಾರಿದ್ದೇವೆಯೇ ಎಂಬುದನ್ನು ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಪಟ್ಟಿ ಮಾಡಿದೆ, ಓಡಾಡಿದೆ, ಎಲ್ಲವನ್ನೂ ನೆಟ್ಟಗೆ ಮಾಡಿದೆ. ಕೆಟ್ಟ ಲೈನು ಆ ಮನೆಯಲ್ಲಿ ಏನನ್ನು ಹಿಡಿದು ನಿಲ್ಲಿಸಿತ್ತು ಎಂದು ಒಮ್ಮೆಯಾದರೂ ನೋಡಿದೆನೇ?

ಸಂಜೆ ಐದೂ ಮುಕ್ಕಾಲಿಗೆ ನನ್ನ ಫೋನ್ ರಿಂಗಾಯಿತು. ರೆಕಾರ್ಡ್ ಮಾಡಿದ ಹೆಣ್ಣುದನಿ. “ನಿಮ್ಮ ದೂರು ಪರಿಹಾರವಾಗಿದೆಯೇ? ಆಗಿದ್ದರೆ ಒಂದು ಒತ್ತಿ. ಆಗಿರದಿದ್ದರೆ ಎರಡು ಒತ್ತಿ.”

ಆ ಲೈನು ಇನ್ನೊಂದು ಆರು ತಿಂಗಳು ಕೆಟ್ಟೇ ಇದ್ದಿದ್ದರೆ ಯಾರಿಗೇನು ನಷ್ಟವಾಗುತ್ತಿತ್ತು?

ಒಂದು ಒತ್ತಿದೆ.