ಉತ್ತಮ ಪುರುಷ, ಬಹುವಚನ

ನಮ್ಮ ಶಾಲೆಯ ಭಾಷೆ ಮೇಷ್ಟ್ರ ಬಾಯಲ್ಲಿ 'ನಾನು' ಎಂಬ ಪದ ಬರುತ್ತಲೇ ಇರಲಿಲ್ಲ. ಎಲ್ಲದಕ್ಕೂ 'ನಾವು'. ಹಾಗಾಗಿ ಅವರ ಹೆಸರೇ 'ನಾವು ಮೇಷ್ಟ್ರು' ಎಂದಾಯಿತು. ಎಂಥ ವಿನಯ ಎಂದು ಹೊಸಬರು ಮೆಚ್ಚಿಕೊಳ್ಳುತ್ತಿದ್ದರು. ಪಕ್ಕದ ಕೊಠಡಿಯಲ್ಲಿ ಅದೇ ಪಾಠ ಹೇಳುತ್ತಾ ತಲೆ ನರೆಸಿಕೊಂಡ ನನಗೆ ಆ ಪದದ ಗುಟ್ಟು ಗೊತ್ತಿತ್ತು. 'ನಾವು ಮಾಡೋಣ' ಎಂದರೆ ನೀವು ಮಾಡಿ ಎಂದರ್ಥ. 'ನಾವು ಮಾಡಿದೆವು' ಎಂದರೆ ತಾವೊಬ್ಬರೇ ಮಾಡಿದ್ದು ಎಂದರ್ಥ.

ಮನೆಯಲ್ಲೂ ಅದೇ ವ್ಯಾಕರಣ. ಅವರ ಹೆಂಡತಿ ನಮ್ಮ ಪಕ್ಕದ ಮನೆಯವಳು. ಬಟ್ಟೆ ಒಣಹಾಕುತ್ತಾ ಗೋಡೆಯಾಚೆಯಿಂದ ಹೇಳುತ್ತಿದ್ದಳು: "ಅಕ್ಕಾ, ನಿನ್ನೆ 'ನಾವು ನೀರಿನ ಟ್ಯಾಂಕ್ ತೊಳೆದುಬಿಡೋಣ' ಅಂದ್ರು. ನಾನು ಒಳಗಿಳಿದು ಉಜ್ಜಿದೆ, ಇವರು ಮೇಲೆ ನಿಂತು ಟಾರ್ಚ್ ಹಿಡ್ಕೊಂಡಿದ್ರು. ಸಾಯಂಕಾಲ ಅವರಣ್ಣನಿಗೆ ಫೋನು, 'ನಾವು ಇವತ್ತು ಟ್ಯಾಂಕ್ ತೊಳೆದು ಸೊಂಟ ಹಿಡ್ಕೊಂಡಿದೆ ಕಣೋ' ಅಂತ. ಹಿಡ್ಕೊಂಡಿದ್ದು ಯಾರ ಸೊಂಟ, ನೀವೇ ಹೇಳಿ!"

ಇಂಥವರ ಪುಣ್ಯಕ್ಕೆ ಮೇಲಿನಿಂದ ಒಂದು ಆದೇಶ ಬಂತು. ಒಂದೇ ವಿಷಯದ ಶಿಕ್ಷಕರು ವಾರಕ್ಕೊಮ್ಮೆ ಒಟ್ಟಿಗೆ ಕೂತು ಪಾಠಯೋಜನೆ ಮಾಡಬೇಕು. ಒಬ್ಬರು ಆ ಪಾಠ ಮಾಡಬೇಕು, ಉಳಿದವರು ಹಿಂದಿನ ಬೆಂಚಿನಲ್ಲಿ ಕೂತು ನೋಡಿ ಕಲಿಯಬೇಕು. ಕ್ರಮವೇನೋ ಒಳ್ಳೆಯದೇ, ನನಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು. ನಾವು ಮೇಷ್ಟ್ರು ತರಬೇತಿಗೆ ಹೋಗಿ, ಹೊಸ ಚೀಲ ನೇತುಹಾಕಿಕೊಂಡು ಗುಂಪಿನ ಮುಖಂಡರಾಗಿ ಬಂದರು.

ಗುಂಪೆಂದರೆ ಅವರು, ನಾನು, ಮತ್ತೆ ಹೊಸ ಟೀಚರ್. ಆ ಹುಡುಗಿಯ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ತಪಾಸಣೆಗೆ ಬರುವ ಅಧಿಕಾರಿ ಮೆಚ್ಚಿ ಬರೆದರೆ ಉಂಟು, ಇಲ್ಲದಿದ್ದರೆ ಮನೆ. ಒಡೆದ ಗ್ಲೋಬು, ಸುತ್ತಿಟ್ಟ ನಕ್ಷೆಗಳ ನಡುವೆ ನಮ್ಮ ಸಭೆ. ಮೇಷ್ಟ್ರು ಫ್ಯಾನಿನ ಕೆಳಗೆ ಕೂತು "ನಾವು ಬರೆಯೋಣ" ಎನ್ನುತ್ತಿದ್ದರು, ಅವಳು ಬರೆಯುತ್ತಿದ್ದಳು. ನಾನೊಂದು ಉದಾಹರಣೆ ಹೇಳಿದರೆ ಅವಳು ಹತ್ತು ಪ್ರಶ್ನೆ ಕಟ್ಟುತ್ತಿದ್ದಳು. ಮೇಷ್ಟ್ರ ಕೊಡುಗೆ ಒಂದೇ: "ನಾವು ಸ್ವಲ್ಪ ಅಂಚು ಬಿಟ್ಟು ಬರೆಯೋಣ."

ಆ ಸಲದ ಪಾಠ ವ್ಯಾಕರಣದ ಪುರುಷಗಳು. 'ನಾನು, ನಾವು' ಉತ್ತಮ ಪುರುಷ. 'ನೀನು, ನೀವು' ಮಧ್ಯಮ ಪುರುಷ. 'ಅವನು, ಅವಳು, ಅವರು' ಪ್ರಥಮ ಪುರುಷ. ಮಕ್ಕಳು ಎಡವುವುದು ಇಲ್ಲೇ. ಪ್ರಥಮ ಎಂದರೆ ಮೊದಲನೆಯದು, ಎಲ್ಲರಿಗಿಂತ ಮೊದಲು ನಾನೇ ತಾನೆ ಎಂದುಕೊಂಡು 'ನಾನು' ಪ್ರಥಮ ಪುರುಷ ಎಂದುಬಿಡುತ್ತಾರೆ. ಹೊಸ ಟೀಚರ್ ಇದನ್ನು ಮೊದಲೇ ಊಹಿಸಿ, ಪ್ರಶ್ನೆಗಳ ಎದುರಿಗೆ 'ಮಕ್ಕಳ ಉತ್ತರ' ಎಂದು ಒಂದು ಅಂಕಣ ಎಳೆದು, ಅವರು ಹೇಳಬಹುದಾದ ತಪ್ಪುಗಳನ್ನೆಲ್ಲ ಅಲ್ಲಿ ಬರೆದಳು. ಅವನ್ನು ತಿದ್ದುವ ಬಗೆ ಹಾಳೆಯ ಹಿಂಬದಿಯಲ್ಲಿತ್ತು.

ಅಧಿಕಾರಿ ಬಂದರು, ಗಟ್ಟಿ ಹೆಂಗಸು. "ಯೋಜನೆ ಯಾರು ಮಾಡಿದ್ದು?" ಎಂದು ಕೇಳಿದರು.

ಹುಡುಗಿ ಬಾಯಿ ತೆರೆಯುವ ಮೊದಲೇ ಮೇಷ್ಟ್ರು, "ನಾವು, ಮೇಡಂ" ಎಂದರು.

"ಸಂತೋಷ. ಈ ಹೊಸ ಟೀಚರ್ ಪಾಠ ನೋಡೋಕೆ ಬಂದಿದ್ದೆ. ಎಲ್ಲರೂ ಸೇರಿ ಮಾಡಿದ್ದು ಅಂದ್ಮೇಲೆ ನೀವೇ ಪಾಠ ಮಾಡಿ. ಯೋಜನೇಲಿ ಇವರ ಪಾಲೂ ಇದೆಯಲ್ಲ, ಪಾಠ ಹೇಗಾಗುತ್ತೋ ನೋಡಿ ಇವರ ಬಗ್ಗೆ ಬರೀತೀನಿ."

ಹಿಂದಿನ ಬೆಂಚಿನಲ್ಲಿ ಆ ಹುಡುಗಿ ನನ್ನ ಕೈ ಹಿಡಿದುಕೊಂಡಳು. ಅವಳ ಅನ್ನ ಈಗ ಆ ಮನುಷ್ಯನ ನಾಲಗೆಯ ಮೇಲಿತ್ತು, ಆ ನಾಲಗೆಗೋ ವ್ಯಾಕರಣದ ಪರಿಚಯವಿಲ್ಲ. 'ವ್ಯಾಕರಣ ನಾವು ಮನೇಲೇ ಓದಿಕೊಳ್ಳೋಣ' ಎಂದು ವರ್ಷವರ್ಷವೂ ಅದನ್ನು ಮಕ್ಕಳ ತಲೆಗೆ ಕಟ್ಟಿದವರು ಅವರು.

ಮೇಷ್ಟ್ರು ಹಾಳೆ ನೋಡಿದರು. 'ಉತ್ತರ' ಎಂಬುದು ಕಂಡಿತು, ಅಷ್ಟು ಸಾಕಾಯಿತು. ಅದರ ಕೆಳಗಿದ್ದದ್ದನ್ನೇ ಬೋರ್ಡಿನ ಮೇಲೆ ದುಂಡಗೆ ಬರೆದರು: ನಾನು, ಪ್ರಥಮ ಪುರುಷ. ಅವರು, ಉತ್ತಮ ಪುರುಷ. ಎರಡೂ ಬದಿಗೆ ಅಂಚು ಬಿಟ್ಟಿದ್ದರು.

ಮುಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದಳು. "ಸಾರ್, ಪುಸ್ತಕದಲ್ಲಿ ಬೇರೆ ಥರ ಇದೆ."

"ಪುಸ್ತಕ ಹಳೇದಮ್ಮ. ಇದು ನಾವು ಹೊಸದಾಗಿ ಯೋಜನೆ ಮಾಡಿದ್ದು. ಬರ್ಕೋ."

ಅವಳು ಪುಸ್ತಕ ಮುಚ್ಚಿ ಬರೆದುಕೊಂಡಳು.

ಪಾಠ ಮುಗಿದ ಮೇಲೆ ಅಧಿಕಾರಿ ನಮ್ಮನ್ನು ಪಡಸಾಲೆಯಲ್ಲಿ ನಿಲ್ಲಿಸಿಕೊಂಡರು. "ಏನ್ರೀ ಇದು? ಈ ತಪ್ಪುಗಳನ್ನ ಬರೆದದ್ದು ಯಾರು?"

ನಾವು ಮೇಷ್ಟ್ರ ಮುಖ ಇಂಗು ತಿಂದ ಮಂಗನಂತಾಯಿತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂಬುದು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಬೆರಳು ನೇರ ಹೊಸ ಟೀಚರ್ ಕಡೆಗೆ ಹೋಯಿತು. "ಇವರು, ಮೇಡಂ. ಮೊದಲಿನಿಂದ ಕೊನೇವರೆಗೂ ಇವರೊಬ್ಬರೇ ಬರೆದದ್ದು. ನಾನು ಒಂದಕ್ಷರಾನೂ ಮುಟ್ಟಿಲ್ಲ."

ಅವರ ಬಾಯಲ್ಲಿ ನಾನು ಕೇಳಿದ ಮೊದಲ 'ನಾನು' ಅದು. ಮೈಯೆಲ್ಲ ಉರಿದುಹೋಯಿತು.

ಅಧಿಕಾರಿ ಹಾಳೆ ಕೈಗೆ ತೆಗೆದುಕೊಂಡು ನಿಧಾನವಾಗಿ ಓದಿದರು, ಹಿಂಬದಿ ತಿರುಗಿಸಿ ಅದನ್ನೂ ಓದಿದರು. ಅವರ ದನಿ ಬದಲಾಯಿತು. "ಮಕ್ಕಳು ಎಲ್ಲೆಲ್ಲಿ ಎಡವುತ್ತಾರೆ, ಹೇಗೆ ತಿದ್ದಬೇಕು, ಎಲ್ಲಾ ಯೋಚಿಸಿದೀರಲ್ಲ! ಇಷ್ಟೂ ನೀವೊಬ್ಬರೇನಾ?"

ಹುಡುಗಿ ಮೇಷ್ಟ್ರ ಮುಖವನ್ನೇ ನೋಡುತ್ತಾ ಹೇಳಿದಳು, "ಉದಾಹರಣೆ ಈ ಹಿರಿಯ ಟೀಚರ್ ಕೊಟ್ರು ಮೇಡಂ. ಉಳಿದದ್ದಕ್ಕೆ ಸಾರೇ ಸಾಕ್ಷಿ. ಈಗ ತಾನೆ ಹೇಳಿದ್ರಲ್ಲ."

ಅವಳ ನೌಕರಿ ಕಾಯಂ ಆಯಿತು.

ಮುಂದಿನ ಸಭೆಗೆ ಮೇಷ್ಟ್ರು ಏನೂ ಆಗಿಲ್ಲವೆಂಬಂತೆ ಬಂದು ಫ್ಯಾನಿನ ಕೆಳಗೆ ಕೂತರು. ಆ ಸಲ ಒಂದು ಪದ್ಯದ ಪಾಠ. ಹುಡುಗಿ ಖಾಲಿ ಹಾಳೆಯನ್ನು ಅವರ ಮುಂದೆ ಸರಿಸಿ, "ಇವತ್ತು ನೀವು ಬರೀರಿ ಸಾರ್" ಎಂದಳು. ಅವರು ನನ್ನತ್ತ ನೋಡಿದರು, ನಾನು ಕಿಟಕಿಯತ್ತ ನೋಡಿದೆ. ಬೇರೆ ದಾರಿಯಿಲ್ಲದೆ ಪೆನ್ನು ತೆಗೆದು, ಬೆವರುತ್ತಾ, ಹೊಡೆದುಹಾಕುತ್ತಾ ಅರ್ಧ ಪುಟ ಬರೆದರು. ಓದಿ ನೋಡಿದೆ. ಚೆನ್ನಾಗಿಯೇ ಇತ್ತು. ಬರೆಯಲು ಬರುತ್ತಿತ್ತು ಅವರಿಗೆ, ಮೊದಲಿನಿಂದಲೂ. ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಆಗ.