ನೂರಾ ಒಂದರಿಂದ

ಮೌಸ್ ಒತ್ತುವಾಗಲೂ ನಮ್ಮ ಸ್ಟುಡಿಯೋ ಮಾಲೀಕರು ಉಸಿರು ಬಿಗಿಹಿಡಿಯುತ್ತಿದ್ದರು. ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆದು ತೊಳೆದು ಉಗುರೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದ ಬೆರಳು ಅದು. ಕಂಪ್ಯೂಟರೂ ಅಲ್ಲಾಡದೆ ಪೋಸು ಕೊಡಲಿ ಅನ್ನುವ ಹಾಗೆ ಒಂದು ಗಳಿಗೆ ಕಾದು, ಆಮೇಲೆ ಒತ್ತುತ್ತಿದ್ದರು. ಪಕ್ಕದಲ್ಲಿ ಕೂತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬಿಡದಿ ಕಡೆ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ಚನ್ನಪಟ್ಟಣದಲ್ಲೂ ಮದುವೆಗೆ ಡಿಜಿಟಲ್ ಫೋಟೋನೇ ಬೇಕು ಅನ್ನುವವರು ಹೆಚ್ಚಾದರು. ಮಾಲೀಕರು ಕಂಪ್ಯೂಟರ್ ತಂದು, ಅದಕ್ಕೆ ನನ್ನನ್ನು ಕೂರಿಸಿದರು. ಫೋಟೋ ಜೋಡಿಸಿ, ನಂಬರ್ ಕೊಟ್ಟು, ಸಿ.ಡಿ.ಗೆ ಹಾಕಿ ಬೆಂಗಳೂರಿನ ಲ್ಯಾಬಿಗೆ ಕಳಿಸುವುದು ನನ್ನ ಕೆಲಸ. ಲ್ಯಾಬಿನ ಯಂತ್ರಕ್ಕೋ ಒಂದಾದ ಮೇಲೆ ಎರಡು ಅಂತ ಗೊತ್ತಿಲ್ಲ. ಮೊದಲ ಅಂಕಿ ಒಂದು ಇರುವುದನ್ನೆಲ್ಲ ಮುಂಚೆ ಎತ್ತಿಕೊಂಡು ಒಂದು, ಹತ್ತು, ನೂರು ಅಂತ ಓದುತ್ತದೆ. ಎಲ್ಲಕ್ಕೂ ಮೂರಂಕಿ ಬರುವ ಹಾಗೆ, ಒಂದನ್ನು 'ಸೊನ್ನೆ ಸೊನ್ನೆ ಒಂದು' ಅಂತ ಬರೆದರೆ ತೊಂದರೆಯೇ ಇಲ್ಲ. ಆದರೆ ನಮ್ಮ ಮಾಲೀಕ ಮಹಾನುಭಾವರು ಒಪ್ಪಬೇಕಲ್ಲ!

"ಮದ್ವೆ ಫೋಟೋಗೆ ಮುಂದ್ಗಡೆ ಸೊನ್ನೆ ಮಡಗ್ತಾರೇನವ್ವ? ತಿಥಿ ಫೋಟೋಗೆ ಬೇಕಾದ್ರೆ ಮಡಗು."

"ಯಂತ್ರಕ್ಕೆ ಶುಭ ಅಶುಭ ಗೊತ್ತಾಗಲ್ಲ ಸಾರ್."

"ನಂಗೆ ಗೊತ್ತಾಯ್ತದಲ್ಲ!"

ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಸೊನ್ನೆ ಇಲ್ಲದೆಯೇ ಕಳಿಸಿದೆ, ಕೊನೆಗೆ ಆಗಬೇಕಾದ್ದು ಆಯಿತು. ಮಾಗಡಿಯ ಗಂಡಿನ ಮನೆಯವರ ಆಲ್ಬಂನಲ್ಲಿ ಮೊದಲು ಗಣಪತಿ, ಆಮೇಲೆ ಹತ್ತನೆಯದು ಬಳೆ ತೊಡಿಸುವುದು, ಅದರ ಪಕ್ಕದಲ್ಲೇ ನೂರನೆಯದು: ಗಂಡಿನ ಸೋದರಮಾವ ಬಾಯಿಗೆ ಇಡೀ ಲಾಡು ತುರುಕಿಕೊಂಡಿದ್ದು. ಧಾರೆ ಎಲ್ಲೋ ಹಿಂದೆ. ಆ ಸೋದರಮಾವನೇ ಆಲ್ಬಂ ಹಿಡಿದುಕೊಂಡು ಬಂದ.

"ಊರೋರೆಲ್ಲ ನಗೋ ಹಂಗೆ ಮಾಡ್ಬುಟ್ರಲ್ಲ! ಯಾರು ಇದ ಜೋಡ್ಸಿದ್ದು? ಇವ್ಳಾ? ಮೊದ್ಲು ಕೆಲ್ಸದಿಂದ ಆಚೆಗಾಕಿ!"

ಆಗ ನಮ್ಮ ಮನೆ ನಡೆಯುತ್ತಿದ್ದದ್ದೇ ನನ್ನ ಸಂಬಳದಲ್ಲಿ. ಮಾಲೀಕರು ಎದ್ದು ನಿಂತು ಕೈ ಮುಗಿದರು.

"ಅವ್ಳು ಬಡ್ಕೊಂಡ್ಲು ಸ್ವಾಮಿ, ನಾನೇ ಕೇಳ್ನಿಲ್ಲ. ಬಯ್ಯೋದಾದ್ರೆ ನಂಗೆ ಬಯ್ರಿ."

ಅವನು ಚೆನ್ನಾಗಿಯೇ ಬಯ್ದ. ಅವರು ಬಯ್ಯಿಸಿಕೊಂಡು, ಹೊಸ ಆಲ್ಬಂ ಮಾಡಿಸಿಕೊಟ್ಟರು. ಇನ್ನಾದರೂ ಬುದ್ಧಿ ಬಂತು ಅಂದುಕೊಂಡೆ. ಮಾರನೆಯ ದಿನ ಬಂದವರೇ, "ನೂರಾ ಒಂದ್ರಿಂದ ಶುರು ಮಾಡವ್ವ," ಅಂದರು. "ಮದ್ವೇಲಿ ಮುಯ್ಯಿ ನೂರಾ ಒಂದು ರೂಪಾಯಿ ಓದಿಸ್ತೀವಲ್ಲ, ಹಂಗೆ. ಶುಭಾನೂ ಆಯ್ತು, ನಿನ್ ಯಂತ್ರಕ್ಕೂ ತಿಳೀತದೆ."

ಬರೆದು ನೋಡಿದೆ. ನೂರಾ ಒಂದು, ನೂರಾ ಎರಡು, ನೂರಾ ಮೂರು, ಸಾಲು ಸರಿಯಾಗಿತ್ತು! ಕಂಪ್ಯೂಟರ್ ಕಲಿತ ನನಗೇ ಇದು ಹೊಳೆಯಲಿಲ್ಲವಲ್ಲ ಅಂತ ಇನ್ನಷ್ಟು ಸಿಟ್ಟು ಬಂತು. ಇವತ್ತಿಗೂ ನಾನು ನಂಬರ್ ಕೊಡುವುದು ಹಾಗೆಯೇ.

ಅವರು ತೀರಿಕೊಂಡಾಗ, ತಿಥಿಗೆ ಇಡುವ ಫೋಟೋವನ್ನು ಲ್ಯಾಬಿಗೆ ಕಳಿಸುವ ಕೆಲಸವೂ ನನ್ನ ಪಾಲಿಗೇ ಬಂತು. ಅವರದೇ ಕಟ್ಟಳೆಯಂತೆ ಮುಂದೆ ಸೊನ್ನೆ ಇಡಬೇಕು. ಸೊನ್ನೆಗಾಗಿ ಅಷ್ಟು ಜಗಳ ಆಡಿದವಳು ನಾನು, ಕೈಯೇ ಬರಲಿಲ್ಲ. ನೂರಾ ಒಂದು ಅಂತ ಹಾಕಿ ಕಳಿಸಿದೆ.

ಲ್ಯಾಬಿನವರು ಫೋನು ಮಾಡಿದರು. "ನೂರಾ ಒಂದನೇ ಫೋಟೋ ಒಂದೇ ಬಂದೈತಲ್ಲಮ್ಮ. ಯಾರ ಮದ್ವೇದು? ಮಿಕ್ಕಿದ್ದು ಯಾವಾಗ ಕಳಿಸ್ತೀರಾ?"

"ಮಿಕ್ಕಿದ್ದು ಇಲ್ಲ ಸಾರ್, ಅಷ್ಟೇ," ಅಂದೆ.